ಅಯ್ಯೋರು ಬರೆಯದ ಸರಸ್ವತಿ

ಈಗಿನವರು ಮಗುವನ್ನು ದೊಡ್ಡ ಶಾಲೆಗೆ ಸೇರಿಸುವ ಮೊದಲು ಒಂದೆರಡು ವರ್ಷ ಸಣ್ಣ ಶಾಲೆಗೆ ಕಳಿಸಿ ಹದ ಮಾಡುತ್ತಾರೆ. ಕೂರುವುದು, ಏಳುವುದು, ಮೂಗು ಒರೆಸಿಕೊಳ್ಳುವುದು, ಹೆಸರು ಕರೆದರೆ ಓ ಎನ್ನುವುದು, ಇವನ್ನೆಲ್ಲ ಅಲ್ಲಿ ಕಲಿಸುತ್ತಾರೆ. ನಮ್ಮ ಓಣಿಯ ಎಳೆಯ ತಾಯಂದಿರು ಇದನ್ನು ಯಾವುದೋ ಹೊಸ ವಿದ್ಯೆ ಎಂಬಂತೆ ನನಗೆ ತಿಳಿಸಿ ಹೇಳುವಾಗ ನಾನು ಸುಮ್ಮನೆ ತಲೆಯಾಡಿಸುತ್ತೇನೆ. ನಾನೂ ಸಣ್ಣ ಶಾಲೆಗೆ ಹೋದವಳೇ. ನಿಜಾಮನ ರಾಜ್ಯದಲ್ಲಿ, ಮಸ್ಕಿಯಿಂದ ಒಂದು ನಡಿಗೆಯಷ್ಟು ದೂರದ ನಮ್ಮೂರಿನಲ್ಲಿ, ಅಯ್ಯೋರ ಮನೆಯ ಪಡಸಾಲೆಯಲ್ಲಿ. ಪಡಸಾಲೆಯಲ್ಲಿ ಎಂದದ್ದು ತಪ್ಪಾಯಿತು. ಪಡಸಾಲೆಯ ಮುಂದಿನ ಚರಂಡಿಯ ಆಚೆ, ಬೇವಿನ ಗಿಡದ ಬುಡದಲ್ಲಿ.

ಅಲ್ಲಿ ನನ್ನನ್ನು ಹದ ಮಾಡಿದ ರೀತಿಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ವಯಸ್ಸಾದ ಮೇಲೆ ಎಲ್ಲ ಮರೆತುಬಿಡಬೇಕು ಎನ್ನುವವರಿದ್ದಾರೆ. ಮರೆಯಲಿಕ್ಕೆ ಅವರ ಕೈಯಲ್ಲೇನೂ ಇಲ್ಲ, ನನ್ನ ಕೈಯಲ್ಲಿದೆ. ಎಡಗೈ ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ, ಹಸಿರಾಗಿ, ಗುಂಡಗೆ. ದಿನವೂ ಮುಖ ತೊಳೆಯುವಾಗ ಕಾಣುತ್ತದೆ.

ಮೊದಲು ಅವ್ವನ ವಿಷಯ ಹೇಳಬೇಕು. ನಮ್ಮದು ತೊಗಲಿನ ಕೆಲಸದ ಮನೆ. ಬಾವಿಯಿಂದ ನೀರೆತ್ತುವ ದೊಡ್ಡ ತೊಗಲಿನ ಬಾನಿಯನ್ನು ಅಪ್ಪ ಹೊಲಿಯುತ್ತಿದ್ದ. ಆಗ ಕಾಲುವೆ ಎಲ್ಲಿತ್ತು? ಎತ್ತು, ಹಗ್ಗ, ಅಪ್ಪ ಹೊಲಿದ ಬಾನಿ ಇಷ್ಟಿದ್ದರೆ ಊರಿನ ತೋಟಗಳಿಗೆ ನೀರು. ಅವ್ವನ ತಂಗಿ, ನನ್ನ ಚಿಕ್ಕವ್ವ, ಲಿಂಗಸುಗೂರಿನಲ್ಲಿ ಹುಡುಗಿಯರ ಸರಕಾರಿ ಶಾಲೆಯ ಅಂಗಳ ಗುಡಿಸುತ್ತಿದ್ದಳು. ಒಂದು ಸಲ ನಮ್ಮೂರಿಗೆ ಬಂದವಳು ಅವ್ವನ ಕಿವಿಯಲ್ಲಿ ಒಂದು ಮಾತು ಹಾಕಿ ಹೋದಳು. ಅಲ್ಲಿನ ಉಸ್ತಾನಿ, ಅಂದರೆ ಪಾಠ ಹೇಳುವ ಹೆಂಗಸು, ಒಳ್ಳೆಯವಳು. ಯಾವ ಕೇರಿಯ ಹುಡುಗಿಯಾದರೂ ಸೇರಿಸಿಕೊಳ್ಳುತ್ತಾಳೆ. ಆದರೆ ಮಗುವಿಗೆ ಒಂದು ಕಡೆ ಕೂತು ಹೇಳಿದ್ದು ಕೇಳುವಷ್ಟು ರೂಢಿ ಇರಬೇಕು, ಅತ್ತು ಓಡಿಹೋಗಬಾರದು.

“ಒಂದು ವರ್ಸ ಊರಾಗ ಅಯ್ಯೋರ ಸಾಲಿಗೆ ಕುಂದ್ರಸು. ಆಮ್ಯಾಲೆ ನನ್ನತ್ರ ಕಳಸು” ಎಂದಳು ಚಿಕ್ಕವ್ವ.

ಅವ್ವ ಆ ಮಾತನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡಳು. ಆ ವರ್ಷ ಅಯ್ಯೋರ ತೋಟದ ಬಾನಿ ಹೊಲಿದ ಮೇಲೆ ಕೊಡುವ ಜೋಳ ತರಲು ತಾನೇ ಹೋಗಿ, ಅಂಗಳದ ಆಚೆ ನಿಂತು, “ಜ್ವಾಳ ಬ್ಯಾಡ್ರೀ ಅಯ್ಯೋರ. ನನ್ನ ಕೂಸಿಗೆ ಒಂದೀಟು ಸಾಲಿ ಕಲಸ್ರಿ” ಎಂದಳು. ನಾನು ಅವಳ ಸೀರೆಯ ನೆರಿಗೆ ಹಿಡಿದು ನಿಂತಿದ್ದೆ. ಅಯ್ಯೋರು ಬಹಳ ಹೊತ್ತು ಗಡ್ಡ ನೀವಿಕೊಂಡರು. ಕೊನೆಗೆ ಬೇವಿನ ಗಿಡದ ಕಡೆ ಬೆತ್ತ ಚಾಚಿ, “ಅಲ್ಲಿ ಕುಂದರ್ಲಿ” ಎಂದರು. ಅವ್ವ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು. ನನಗಾಗ ಐದು ತುಂಬಿತ್ತೋ ಇಲ್ಲವೋ, ಅದನ್ನು ಬರೆದಿಟ್ಟವರಿಲ್ಲ.

ಅಯ್ಯೋರ ಶಾಲೆಯಲ್ಲಿ ಒಂದು ಪದ್ಧತಿ ಇತ್ತು. ಬೆಳಗಾಗುತ್ತಲೇ ಅಯ್ಯೋರು ಹೊಸ್ತಿಲ ಒಳಗೆ ಮಣೆ ಹಾಕಿಕೊಂಡು ಕೂರುತ್ತಿದ್ದರು. ಒಂದು ಕೈಯ ಹತ್ತಿರ ಬೆತ್ತ, ಇನ್ನೊಂದರ ಹತ್ತಿರ ಕಾಡಿಗೆಯ ಬಟ್ಟಲು ಮತ್ತು ಕಡ್ಡಿ. ಎಲ್ಲರಿಗಿಂತ ಮೊದಲು ಬಂದ ಮಗುವಿನ ಬೆರಳ ತುದಿ ಹಿಡಿದು ಅಂಗೈ ಬಿಡಿಸಿ, ಕಡ್ಡಿಯಿಂದ ‘ಸರಸ್ವತಿ’ ಎಂದು ಬರೆಯುತ್ತಿದ್ದರು. ಎರಡನೆಯ ಮಗುವಿಗೆ ಒಂದು ಸೊನ್ನೆ. ಹೊಗಳಿಕೆಯೂ ಇಲ್ಲ, ಬೈಗಳೂ ಇಲ್ಲ ಎಂದು ಅದರ ಅರ್ಥ. ಮೂರನೆಯ ಮಗುವಿಗೆ ಅಂಗೈ ಮೇಲೆ ಒಂದು ಏಟು, ನಾಲ್ಕನೆಯದಕ್ಕೆ ಎರಡು, ಹೀಗೆ ಒಂದೊಂದೇ ಏರುತ್ತ ಹೋಗುವುದು. ಸರಸ್ವತಿ ಬರೆಸಿಕೊಂಡ ಮಗು ಆ ದಿನವೆಲ್ಲ ಅಂಗೈ ಎತ್ತಿಕೊಂಡೇ ತಿರುಗುತ್ತಿತ್ತು, ಬಲಗೈಗೆ ನೀರು ಸೋಕಿಸದೆ ತಾಯಿಯ ಕೈಯಿಂದ ಉಣ್ಣುತ್ತಿತ್ತು. ನನಗೂ ದೂರದಿಂದ ತೋರಿಸುತ್ತಿದ್ದರು. ಅದರಲ್ಲಿ ಅವರಿಗೆ ಜಿಪುಣತನ ಇರಲಿಲ್ಲ.

ಮೊದಲ ದಿನ ಅವ್ವ ನನ್ನನ್ನು ಕಾಗೆ ಕೂಗುವ ಮೊದಲೇ ಎಬ್ಬಿಸಿ, ತಲೆಗೆ ಎಣ್ಣೆ ಒತ್ತಿ, ಸೊಂಟದ ಮೇಲೆ ಹೊತ್ತುಕೊಂಡು ಹೋಗಿ ಬೇವಿನ ಗಿಡದ ಕೆಳಗೆ ಬಿಟ್ಟಳು. ಒಂದು ನರಪಿಳ್ಳೆ ಬಂದಿರಲಿಲ್ಲ. ಅಯ್ಯೋರು ಬಾಗಿಲು ತೆಗೆದರು, ನನ್ನನ್ನು ನೋಡಿದರು, ಮಣೆ ಹಾಕಿಕೊಂಡರು. ನಾನು ಅಂಗೈ ಚಾಚಿ ಎದ್ದು ನಿಂತೆ. ಅವರು ಕಡ್ಡಿ ಮುಟ್ಟಲಿಲ್ಲ. ಆಮೇಲೆ ಬಂದ ಹುಡುಗನಿಗೆ ಸರಸ್ವತಿ ಬರೆದರು. ಅವನ ಹಿಂದೆ ಬಂದವನಿಗೆ ಸೊನ್ನೆ. ಹದಿಮೂರು ಮಕ್ಕಳು ಒಳಗೆ ಹೋಗಿ, ಬರೆಸಿಕೊಳ್ಳುವವರು ಬರೆಸಿಕೊಂಡು, ಏಟು ತಿನ್ನುವವರು ತಿಂದು ಕೂತ ಮೇಲೆ ಅಯ್ಯೋರು ಎದ್ದು ಚರಂಡಿಯವರೆಗೆ ಬಂದರು.

“ಕೈ ಹಿಡಿ.”

ಹಿಡಿದೆ. ಹನ್ನೆರಡು ಏಟು.

ನಾನು ಅಳುತ್ತ, “ನಾ ಮದಲ ಬಂದೀನ್ರೀ” ಎಂದೆ.

“ಹೊಸ್ತಿಲಾ ದಾಟಿದಾಗ ಬಂದಂಗ. ನೀ ದಾಟಿಲ್ಲ. ಎಲ್ಲಾರು ಬಂದಮ್ಯಾಲೆ ನಿನ್ನ ಪಾಳಿ” ಎಂದರು ಅಯ್ಯೋರು. ಸಿಟ್ಟಿನಿಂದ ಹೇಳಲಿಲ್ಲ. ಮಗ್ಗಿ ಹೇಳಿಕೊಡುವ ಧ್ವನಿಯಲ್ಲಿಯೇ ಹೇಳಿದರು.

ಹೊಸ್ತಿಲು ದಾಟಬಾರದು ಎಂದವರೂ ಅವರೇ, ದಾಟಲಿಲ್ಲ ಎಂದು ಹೊಡೆದವರೂ ಅವರೇ. ಇದರಲ್ಲಿ ಏನೋ ಸರಿಯಿಲ್ಲ ಎಂದು ಐದು ವರ್ಷದ ನನಗೆ ಹೊಳೆದಿತ್ತು. ನಾಲ್ಕು ಊರಿಗೆ ಪಂಚಾಂಗ ಹೇಳುತ್ತಿದ್ದ ಅಯ್ಯೋರಿಗೆ ಹೊಳೆಯಲಿಲ್ಲ. ಅವರ ಕೈ ಚರಂಡಿ ದಾಟುತ್ತಿರಲಿಲ್ಲ, ಬೆತ್ತ ದಾಟುತ್ತಿತ್ತು. ಹೊಡೆದಾದ ಮೇಲೆ ಬೆತ್ತವನ್ನು ನೀರಿನ ಗುಂಡಿಯಲ್ಲಿ ಅದ್ದಿ ಒಳಗೆ ಒಯ್ಯುತ್ತಿದ್ದರು. ಹಾಗಾದರೆ ಮೈಲಿಗೆ ನೀರಿನಿಂದ ಹೋಗುತ್ತದೆ ಎಂದಾಯಿತಲ್ಲ! ನನ್ನ ಬೆರಳ ತುದಿ ಹಿಡಿದು ನಾಲ್ಕು ಅಕ್ಷರ ಬರೆದು, ಆಮೇಲೆ ಅದೇ ಗುಂಡಿಯಲ್ಲಿ ಕೈ ಅದ್ದಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಈ ಪ್ರಶ್ನೆ ಕೇಳುವಷ್ಟು ನಾನು ಬೆಳೆಯುವ ಹೊತ್ತಿಗೆ ಅವರು ಇರಲಿಲ್ಲ. ಅದೂ ನನ್ನ ಸಿಟ್ಟಿಗೆ ಒಂದು ಕಾರಣ.

ಅವ್ವನಿಗೆ ಇದು ಮೊದಲ ವಾರ ಅರ್ಥವೇ ಆಗಲಿಲ್ಲ. ನಾನು ತಡ ಮಾಡಿದ್ದಕ್ಕೆ ಏಟು ಬೀಳುತ್ತಿದೆ ಎಂದುಕೊಂಡು ಇನ್ನೂ ಬೇಗ ಎಬ್ಬಿಸತೊಡಗಿದಳು. ಅಷ್ಟು ಬೇಗ ಎದ್ದು ಅಷ್ಟೇ ಏಟು ತಿಂದು ಬರುವ ಮಗಳನ್ನು ನೋಡಿ ನೋಡಿ, ಒಂದು ದಿನ ಅಲ್ಲೇ ಬೇಲಿಯ ಮರೆಯಲ್ಲಿ ನಿಂತು ಎಲ್ಲ ಕಂಡಳು. ಅಂದು ಮನೆಗೆ ಬಂದು ನನ್ನ ಅಂಗೈಗೆ ಬೆಣ್ಣೆ ಹಚ್ಚಿದಳು. ಬೆಣ್ಣೆ ಯಾರ ಮನೆಯದೋ, ಹೇಗೆ ಬೇಡಿ ತಂದಳೋ ಗೊತ್ತಿಲ್ಲ. ನನ್ನನ್ನು ಬಿಡಿಸುತ್ತಾಳೆ ಎಂದು ಒಳಗೊಳಗೇ ಹಿಗ್ಗಿದೆ. ಬಿಡಿಸಲಿಲ್ಲ. “ಲಿಂಗಸೂರಿಗೆ ಹೋಗೂತನ ತಡಕೋ ನನ ಕೂಸ” ಎಂದಳು. ಅವಳ ಮೇಲೂ ನನಗೆ ಸಿಟ್ಟು ಬಂದದ್ದು ನಿಜ. ಅದನ್ನು ಮುಚ್ಚಿಟ್ಟು ಈಗ ದೊಡ್ಡವಳಾಗುವ ಆಸೆ ನನಗಿಲ್ಲ.

ಆ ವರ್ಷ ನಾನು ಮರಳಿನ ಮೇಲೆ ಬೆರಳಾಡಿಸಿ ಒಂದಿಷ್ಟು ಅಕ್ಷರ ಕಲಿತೆ, ಇಪ್ಪತ್ತರವರೆಗೆ ಅಂಕಿ ಕಲಿತೆ. ಸೊನ್ನೆಯಂತೂ ಮೊದಲ ವಾರವೇ ಬಂದಿತ್ತು. ಅಲ್ಲಾಡದೆ ಕೂರುವುದನ್ನು ಕಲಿತೆ, ಬಾಯಿ ಮುಚ್ಚಿಕೊಂಡು ಅಳುವುದನ್ನು ಕಲಿತೆ. ಹದವೆಂದರೆ ಇದೇ ಆದರೆ ನನ್ನಷ್ಟು ಹದವಾದ ಮಗು ಇಡೀ ನಾಡಿನಲ್ಲಿ ಇರಲಾರದು.

ಲಿಂಗಸುಗೂರಿಗೆ ಹೋಗುವ ದಿನ ಹತ್ತಿರ ಬಂದಂತೆ ಅವ್ವನಿಗೆ ಒಂದು ಹೊಸ ಚಿಂತೆ ಹತ್ತಿತು. ಆ ರಾಜ್ಯದಲ್ಲಿ ಶಿಕ್ಕಾ, ಅಂದರೆ ಮುದ್ರೆ, ಒತ್ತದ ಕಾಗದಕ್ಕೆ ಕಿಮ್ಮತ್ತಿರಲಿಲ್ಲ. ಇದು ಅಕ್ಷರ ಬಾರದ ಅವ್ವನಿಗೂ ಗೊತ್ತಿತ್ತು. ಮಗು ಒಂದು ವರ್ಷ ಶಾಲೆಯಲ್ಲಿ ಕೂತಿದೆ ಎನ್ನುವುದಕ್ಕೆ ಸರಕಾರಿ ಶಾಲೆಯವರು ಶಿಕ್ಕಾ ಕೇಳದೆ ಬಿಡುತ್ತಾರೆಯೇ? ಮಕ್ಕಳ ಅಂಗೈ ಮೇಲೆ ಅಯ್ಯೋರು ಬರೆಯುವುದೇ ಆ ಶಿಕ್ಕಾ ಎಂದು ಅವಳು ತೀರ್ಮಾನಿಸಿಬಿಟ್ಟಳು. ಅದಿಲ್ಲದೆ ಹೋದರೆ ಮಗಳನ್ನು ಬಾಗಿಲಿನಿಂದಲೇ ತಿರುಗಿ ಕಳಿಸುತ್ತಾರೆ ಎಂಬ ಭಯ ಅವಳನ್ನು ಹಿಡಿಯಿತು. ಅಪ್ಪ “ಹಂಗೇನಿರಂಗಿಲ್ಲ ಬಿಡ” ಎಂದರೂ ಕೇಳಲಿಲ್ಲ. ಮತ್ತೆ ಅಯ್ಯೋರ ಅಂಗಳದ ಆಚೆ ನಿಂತಳು.

“ಊರಿಗೆ ಹೊಂಟೀವ್ರೀ. ಒಂದ ಸಲ, ಒಂದ ಸಲ ಕೂಸಿನ ಕೈಯಾಗ ಬರೀರಿ ಅಯ್ಯೋರ.”

ಅಯ್ಯೋರು ಆ ದಿನ ಒಳ್ಳೆಯ ಲಹರಿಯಲ್ಲಿದ್ದರು, ನಕ್ಕರು. “ಬರಿಯಾಕ ನಂದೇನು ಹೋಗ್ತೈತಿ? ನಿನ್ನ ಮಗಳು ಇನ್ನಾ ಬಂದೇ ಇಲ್ಲಲ್ಲ!”

ಪಡಸಾಲೆಯಲ್ಲಿ ಕೂತಿದ್ದ ಇಬ್ಬರು ಹಿರಿಯರೂ ನಕ್ಕರು. ಅವ್ವನ ಪಕ್ಕದಲ್ಲಿ ನಿಂತಿದ್ದ ನಾನು ಅವಳ ಮುಖ ನೋಡಿದೆ. ಅವಳೂ ನಕ್ಕಂತೆ ಮಾಡಿದಳು. ಹನ್ನೆರಡು ಏಟುಗಳನ್ನು ಬೇಕಾದರೆ ಮನ್ನಿಸಿಯೇನು. ಅವ್ವನಿಂದ ಆ ನಗು ನಗಿಸಿದ್ದನ್ನು ಮನ್ನಿಸಲಾರೆ.

ಅದಾದ ಎರಡು ದಿನಕ್ಕೆ ಗೊರೇಬಾಳದ ಕಡೆಯಿಂದ ಹಚ್ಚೆ ಹಾಕುವ ಮುದುಕಿ ನಮ್ಮ ಕೇರಿಗೆ ಬಂದಳು. ಹೆಣ್ಣುಮಕ್ಕಳ ಹಣೆಗೆ ಬೊಟ್ಟು, ಕೈಗೆ ಬಳ್ಳಿ, ಗಲ್ಲಕ್ಕೆ ಚುಕ್ಕೆ ಚುಚ್ಚುವುದು ಅವಳ ಕೆಲಸ. ಅವಳನ್ನು ನೋಡುತ್ತಲೇ ಅವ್ವನಿಗೆ ಉಪಾಯ ಹೊಳೆದಿರಬೇಕು. ಅಯ್ಯೋರು ಬರೆದ ಕಾಡಿಗೆ ಸಂಜೆಗೆ ಅಳಿಸಿಹೋಗುತ್ತದೆ, ಮುದುಕಿ ಚುಚ್ಚಿದ್ದು ಸುಡುಗಾಡಿನವರೆಗೂ ಜೊತೆಗೆ ಬರುತ್ತದೆ. ಸರಸ್ವತಿಯನ್ನು ಅವಳಿಂದಲೇ ಬರೆಸಿದರಾಯಿತು. ಆದರೆ ಮುದುಕಿಗೂ ಅಕ್ಷರ ಬಾರದು, ಅವ್ವನಿಗೂ ಬಾರದು. ನನ್ನನ್ನಾದರೂ ಕೇಳಿದ್ದರೆ ‘ಸ’ ತನಕ ಹೇಳುತ್ತಿದ್ದೆನೋ ಏನೋ. ನನ್ನನ್ನು ಕೇಳಬೇಕೆಂದು ಅವಳಿಗೆ ಅನ್ನಿಸಲೇ ಇಲ್ಲ. ಚರಂಡಿಯ ಆಚೆ ಕೂತ ಮಗುವಿಗೆ ಏನು ತಿಳಿದೀತು ಎಂದು ಅವಳೂ ನಂಬಿದ್ದಳು.

ಅಯ್ಯೋರಿಗೆ ನನ್ನ ವಯಸ್ಸಿನ ಮೊಮ್ಮಗಳಿದ್ದಳು. ಅದೇ ಮನೆಯಲ್ಲಿ ಮಲಗಿ, ಅದೇ ಮನೆಯಲ್ಲಿ ಎದ್ದು, ನಾಲ್ಕು ಹೆಜ್ಜೆ ನಡೆದು ಶಾಲೆಗೆ ಬರುವವಳು. ಅವಳ ಅಂಗೈಯಲ್ಲಿ ಸರಸ್ವತಿ ಇರದೆ ಇನ್ನಾರ ಅಂಗೈಯಲ್ಲಿದ್ದೀತು ಎಂದು ಅವ್ವ ಲೆಕ್ಕ ಹಾಕಿದಳು. ಕಟ್ಟೆಯ ಹತ್ತಿರ ಆಡುತ್ತಿದ್ದ ಆ ಹುಡುಗಿಯನ್ನು ದೂರ ನಿಂತೇ ಕರೆದು, “ಯವ್ವಾ, ಅಜ್ಜಾರು ಕೈಯಾಗ ಬರದಾರಲ್ಲ, ಒಮ್ಮಿ ತೋರ್ಸ” ಎಂದಳಂತೆ. ಹುಡುಗಿ ಅಂಗೈ ಬಿಡಿಸಿ ತೋರಿಸಿ ಓಡಿತಂತೆ. ಅವ್ವ ಕಂಡದ್ದನ್ನು ಮನಸ್ಸಿನಲ್ಲೇ ತಿದ್ದುತ್ತ, ಬೆರಳಿನಿಂದ ತೊಡೆಯ ಮೇಲೆ ತೀಡಿಕೊಳ್ಳುತ್ತ ಓಡೋಡಿ ಮನೆಗೆ ಬಂದಳು.

ಆ ದಿನ ಮೊಮ್ಮಗಳು ಏಳುವುದು ತುಸು ತಡವಾಗಿತ್ತು, ಎರಡನೆಯವಳಾಗಿ ಬಂದಿದ್ದಳು. ಅಯ್ಯೋರು ಸ್ವಂತ ಮೊಮ್ಮಗಳು ಎಂದು ನೋಡದೆ ಅವಳ ಅಂಗೈಗೆ ಸೊನ್ನೆ ಬರೆದಿದ್ದರು. ಅಷ್ಟು ನಿಯತ್ತಿನ ಮನುಷ್ಯ! ಹೊಸ್ತಿಲ ಒಳಗೆ ಅವರಷ್ಟು ನ್ಯಾಯವಂತರು ಸುತ್ತ ಹತ್ತು ಊರಲ್ಲಿರಲಿಲ್ಲ.

ಮುದುಕಿ ಸೂಜಿಗಳ ಕಟ್ಟು ಬಿಚ್ಚಿ, ಸೊಪ್ಪಿನ ರಸದಲ್ಲಿ ಕಲಸಿದ ಮಸಿಯ ಚಿಪ್ಪು ಇಟ್ಟುಕೊಂಡು ನಮ್ಮ ಮನೆಯ ಮುಂದೆ ಕೂತಳು. ಅಂಗೈಯಲ್ಲಿ ಹಚ್ಚೆ ನಿಲ್ಲುವುದಿಲ್ಲ, ಮುಂಗೈ ಮೇಲೆ ಹಾಕಬೇಕು ಎಂದಳು. ಬಲಗೈ ಊಟ ಮಾಡುವ ಕೈ, ಬಾವು ಬಂದರೆ ಕಷ್ಟವೆಂದು ಎಡಗೈ ಹಿಡಿದಳು. “ಏನ್ ಬರೀಬೇಕು ತೋರ್ಸವಾ” ಎಂದಾಗ ಅವ್ವ ಮಣ್ಣಿನ ಮೇಲೆ ಬಾಗಿ, ಬಹಳ ಜೋಪಾನವಾಗಿ, ಬೆರಳಿನಿಂದ ಒಂದು ಗುಂಡು ಎಳೆದಳು.

ಮುದುಕಿಗೇ ಅನುಮಾನ ಬಂತು. “ಇಷ್ಟೇನಾ?”

“ಇಷ್ಟ. ನಾ ನನ್ನ ಕಣ್ಣಿಲೇ ನೋಡೀನಿ. ಸರಸ್ವತಿ ಅದು.”

ನಾನು ಮಣ್ಣಿನ ಮೇಲಿನ ಗುಂಡು ನೋಡಿದೆ. ಒಂದು ವರ್ಷ ದಿನವೂ ಎರಡನೆಯವರ ಅಂಗೈಯಲ್ಲಿ ಕಂಡ ಗುಂಡು. “ಅದಲ್ಲಬೇ! ಸೊನ್ನಿ ಅದು! ಸರಸ್ವತಿ ಉದ್ದ ಇರ್ತೈತಿ!” ಎಂದು ಕಿರುಚಿಕೊಂಡೆ. ಆದರೆ ಹಚ್ಚೆಯ ಮುಂದೆ ಕಿರುಚದ ಮಗು ಯಾವುದು? ಅಪ್ಪ ನನ್ನ ಭುಜ ಅದುಮಿ ಹಿಡಿದ. ಅವ್ವ ಕಾಲ ಮೇಲೆ ಕೂತಳು. ಮಕ್ಕಳ ಅಳು ಕೇಳದಿರಲೆಂದೇ ಹಚ್ಚೆಯವರು ಹಾಡುತ್ತಾರೆ, ಮುದುಕಿಯೂ ಧ್ವನಿ ತೆಗೆದು ಹಾಡತೊಡಗಿದಳು. ನಾನು “ಅದಲ್ಲ, ಅದಲ್ಲ” ಎಂದಷ್ಟೂ ಅವಳ ಹಾಡು ಏರಿತು. ನೆರೆಯವರು “ಆತು, ಆತು, ಇನ್ನೊಂದೀಟು” ಎಂದು ನನಗೆ ಸಮಾಧಾನ ಹೇಳುತ್ತಿದ್ದರು. ಇಡೀ ಕೇರಿಯಲ್ಲಿ ಆ ಹೊತ್ತಿಗೆ ಆ ಗುಂಡನ್ನು ಓದಬಲ್ಲವಳು ನಾನೊಬ್ಬಳೇ. ನನ್ನ ಓದಿನ ಮೊದಲ ಮಾತನ್ನು ಅಳುವೆಂದು ತಿಳಿದು ಅದುಮಿ ಹಿಡಿದರು.

ಕೆಲಸ ಮುಗಿದ ಮೇಲೆ ಕೈಗೆ ಅರಿಶಿನ, ಬಾಯಿಗೆ ಬೆಲ್ಲ. ಆ ಸಂಜೆ ಬಾವು ಬಂದ ಕೈಯನ್ನು ಅವ್ವ ಮನೆಮನೆಗೂ ಒಯ್ದು ತೋರಿಸಿದಳು. “ಅಯ್ಯೋರು ಬರೀಲಿಲ್ಲ ಅಂದ್ರ ಬಿಡ್ತೀನೇನು?” ಎನ್ನುವಾಗ ಅವಳ ಎದೆ ಉಬ್ಬಿತ್ತು. ನಾನು ಬೆಲ್ಲ ಚೀಪುತ್ತ ಅವಳ ಸೊಂಟದ ಮೇಲೆ ಕೂತಿದ್ದೆ. ಮತ್ತೆ ಬಾಯಿ ತೆಗೆಯಲಿಲ್ಲ. ಬೆಲ್ಲ ಮುಗಿದುಹೋದೀತು ಎಂಬುದಷ್ಟೇ ಆಗಿನ ನನ್ನ ಚಿಂತೆ.

ಲಿಂಗಸುಗೂರಿಗೆ ಚಕ್ಕಡಿಯಲ್ಲಿ ಹೋದೆವು. ಚಿಕ್ಕವ್ವ ನಮ್ಮನ್ನು ಶಾಲೆಯ ಅಂಗಳಕ್ಕೆ ಕರೆದೊಯ್ದಳು. ಉಸ್ತಾನಿ ತಲೆಯ ಮೇಲೆ ಬಿಳಿ ದುಪಟ್ಟಾ ಹೊದ್ದು ಕುರ್ಚಿಯಲ್ಲಿ ಕೂತಿದ್ದಳು. ಬಾಗಿಲ ಬಳಿ ನಾನು ಅಭ್ಯಾಸದಂತೆ ಹೊಸ್ತಿಲ ಆಚೆಯೇ ನಿಂತೆ. ಅವಳು “ಅಂದರ್ ಆವೋ” ಎಂದಳು. ನಾನು ಅಲ್ಲಾಡಲಿಲ್ಲ. ಚಿಕ್ಕವ್ವ ಹಿಂದಿನಿಂದ ತಳ್ಳಿದಾಗ ಒಳಗೆ ಬಿದ್ದೆ. ಅವ್ವ ಕೂಡಲೇ ನನ್ನ ತೋಳು ಎತ್ತಿ, ಕೋರ್ಟಿನಲ್ಲಿ ಕಾಗದ ಹಾಜರು ಮಾಡಿದವಳಂತೆ ಉಸ್ತಾನಿಯ ಮುಂದೆ ಹಿಡಿದಳು. “ಶಿಕ್ಕಾ ರೀ. ಸರಸ್ವತಿ ಶಿಕ್ಕಾ. ಕೂಸು ಒಂದು ವರ್ಸ ಸಾಲಿಗೆ ಕುಂತೈತಿ.”

ಉಸ್ತಾನಿಗೆ ಕನ್ನಡ ಅಷ್ಟಕ್ಕಷ್ಟೇ. ಹಚ್ಚೆಯನ್ನು ಒಂದು ಗಳಿಗೆ ನೋಡಿ ಕೈ ಬಿಟ್ಟಳು. ಅವಳ ಕಣ್ಣು ನನ್ನ ಬಲಗೈ ಮೇಲೆ ಬಿದ್ದಿತ್ತು. ಅದನ್ನು ನಾನು ಮುಷ್ಟಿ ಕಟ್ಟಿ ಬೆನ್ನ ಹಿಂದೆ ಅಡಗಿಸಿದ್ದೆ. ಅವಳು ಅದನ್ನು ಮುಂದಕ್ಕೆ ತಂದು, ಒಂದೊಂದೇ ಬೆರಳು ಹಿಡಿದು ಬಿಡಿಸಿದಳು. ಪಾಠ ಹೇಳುವವರೊಬ್ಬರು ನನ್ನನ್ನು ಮುಟ್ಟಿದ್ದು ಅದೇ ಮೊದಲು. ಅಂಗೈಯ ಬರೆಗಳನ್ನು ನೋಡಿ ಚಿಕ್ಕವ್ವನಿಗೆ ಏನೋ ಗಡಸಾಗಿ ಹೇಳಿದಳು. ಚಿಕ್ಕವ್ವ ತಲೆ ತಗ್ಗಿಸಿದಳು. ಆಮೇಲೆ ಹೆಸರು ಕೇಳಿ, ಬರೆದುಕೊಂಡು, ಮುಂದಿನ ಸಾಲಿನ ಚಾಪೆ ತೋರಿಸಿದಳು. ಅಷ್ಟೇ. ಶಿಕ್ಕಾ ಯಾರಿಗೂ ಬೇಕಾಗಿರಲಿಲ್ಲ. ಆ ಹನ್ನೆರಡು ಏಟು, ಆ ನಗು, ಆ ಸೂಜಿ, ಯಾವುದೂ ಯಾರಿಗೂ ಬೇಕಾಗಿರಲಿಲ್ಲ.

ಅವ್ವ ಮಾತ್ರ ಹೊರಗೆ ಬಂದವಳೇ ಚಿಕ್ಕವ್ವನ ಕೈ ಹಿಡಿದು, “ನೋಡಿದೇನ, ಶಿಕ್ಕಾ ನೋಡೇ ತಗೊಂಡ್ಳು” ಎಂದಳು. ಆ ನಂಬಿಕೆಯನ್ನು ಅವಳು ಮತ್ತೆ ಕೆಳಗಿಡಲಿಲ್ಲ.

ನಾನು ಅಲ್ಲಿ ಉರ್ದು ಓದಿದೆ. ನಿಜಾಮನ ರಾಜ್ಯ ಹೋದ ಮೇಲೆ ಕನ್ನಡ ಓದಿದೆ, ಕೊನೆಗೆ ಸಿಂಧನೂರಿನಲ್ಲಿ ಶಾಲೆಯ ಟೀಚರಾದೆ. ಹೊಸ್ತಿಲ ಬಳಿ ಬೆತ್ತ ಹಿಡಿದು ಕೂರಲಿಲ್ಲ ಎಂಬುದೊಂದೇ ನನ್ನ ಹೆಚ್ಚುಗಾರಿಕೆ. ಅವ್ವ ನನ್ನ ಜೊತೆಗೇ ಇದ್ದಳು. ನಿಜ ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಪ್ರತಿ ಸಲವೂ ಅವಳು ಯಾರಿಗೋ ನನ್ನ ಕೈ ತೋರಿಸಿ ಅದೇ ಕಥೆ ಹೇಳುತ್ತಿರುತ್ತಿದ್ದಳು.

ನನ್ನ ಮಗಳಿಗೆ ನಾಲ್ಕು ತುಂಬಿದಾಗ ಅವಳನ್ನು ಬಾಲವಾಡಿಗೆ ಕಳಿಸುವ ತಯಾರಿ ನಡೆದಿತ್ತು. ನಾನೇ ಸ್ಲೇಟಿನ ಮೇಲೆ ಅಂಕಿ ತಿದ್ದಿಸಿದ್ದೆ. ಹೊರಡುವ ದಿನ ಬೆಳಿಗ್ಗೆ ಅವ್ವ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ನನ್ನ ಎಡಗೈ ಎಳೆದು ತೋರಿಸಿ, “ನೋಡ ಕೂಸ, ನಿಮ್ಮವ್ವ ಸಾಲಿಗೆ ಹೊಂಟಾಗ ನಾ ಬರಸಿದ್ದಿದು. ಸರಸ್ವತಿ” ಎಂದಳು.

ಮಗಳು ಬೆರಳಿನಿಂದ ಗುಂಡನ್ನು ಸವರಿ ಸವರಿ ನೋಡಿದಳು. ಅವಳ ಮುಖ ಅರಳಿತು. “ಅಲ್ಲ! ಸೊನ್ನಿ! ಇದು ಸೊನ್ನಿ!”

ಅವ್ವ ನನ್ನ ಮುಖ ನೋಡಿದಳು. “ಏನಂತೈತಿ ಇದು?”

“ಸಣ್ಣ ಕೂಸು, ಅದಕ್ಕೇನ್ ಓದಾಕ ಬರ್ತೈತಿ ಬೇ. ಸರಸ್ವತಿ ಐತಿ” ಎಂದೆ.

“ಸೊನ್ನಿ ಐತಿ!” ಎಂದು ಮಗಳು ಮತ್ತೆ ಕೂಗಿದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು. ನಾನು ಅವಳನ್ನು ಎತ್ತಿಕೊಂಡು, ಬಾಯಿಯ ಮೇಲೆ ಅಂಗೈ ಒತ್ತಿ ಹೊರಗೆ ನಡೆದೆ. ಅವಳು ನನ್ನ ಕೈಯೊಳಗೆ “ಅಲ್ಲ, ಅಲ್ಲ” ಎಂದು ಒದ್ದಾಡುತ್ತಿದ್ದಳು. ಹಿಂದಿನಿಂದ ಅವ್ವ, “ಬೈಬ್ಯಾಡ, ಕಲೀತೈತಿ ಬಿಡ” ಎನ್ನುತ್ತಿದ್ದಳು. ಸರಿಯಾಗಿ ಓದಿದ ಮಗುವಿಗೆ ತಪ್ಪು ಓದಿದೆ ಎಂದು ನಾನು ಹೇಳಿದ್ದು, ಅಷ್ಟು ವರ್ಷದ ಟೀಚರಿಕೆಯಲ್ಲಿ, ಅದೊಂದೇ ಸಲ.